ಸೋಡಿಯಂ ಪಾಠಕ್ಕೆ ಮೊದಲೇ ಬಂದ ಶನಿವಾರ

ಯಾರಾದರೂ ಗಾಜಿನ ಲೋಟವನ್ನು ನಲ್ಲಿಯ ಕೆಳಗೆ ಹಿಡಿದು, ಒಳಗೆ ಜಾಲಾಡಿಸಿ, ನೀರು ಚೆಲ್ಲಿ, ಹೊರಮೈ ಮಾತ್ರ ಒರೆಸಿಕೊಂಡು ಬಂದರೆ ನನಗೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಮನೆಯವರಿಗೆ ಇದು ಗೊತ್ತು, ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅಷ್ಟರಲ್ಲಿ ನನ್ನ ಬಲಗೈ ಇಕ್ಕಳವೊಂದನ್ನು ಹಿಡಿದಂತೆ ಬಿಗಿದುಕೊಂಡಿರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಸಾಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ನಮ್ಮದೇ ಆಡಳಿತ ಮಂಡಳಿ ಹೊಸನಗರದಲ್ಲಿ ಹೊಸದಾಗಿ ಬಿ.ಎಸ್ಸಿ. ತೆರೆದಿತ್ತು. ಅಲ್ಲಿ ಬೆಂಚು, ಬೋರ್ಡು ಇದ್ದವು, ಪ್ರಯೋಗಶಾಲೆ ಇರಲಿಲ್ಲ. ಹಾಗಾಗಿ ಎರಡನೆಯ ವರ್ಷದ ಹೊಸನಗರದ ವಿದ್ಯಾರ್ಥಿಗಳು ಪ್ರತಿ ಶನಿವಾರ ಮೊದಲ ಬಸ್ಸಿಗೆ ಸಾಗರಕ್ಕೆ ಬಂದು, ದಿನವಿಡೀ ಪ್ರಾಕ್ಟಿಕಲ್ ಮಾಡಿ, ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದರು. ಅವರಿಗೆ ಆರ್ಗ್ಯಾನಿಕ್, ಅಂದರೆ ಇಂಗಾಲದ ಸಂಯುಕ್ತಗಳ ಪಾಠ ಹೇಳಲು ತೀರ್ಥಹಳ್ಳಿಯಿಂದ ಒಬ್ಬ ಉಪನ್ಯಾಸಕರು ವಾರಕ್ಕೆರಡು ಸಲ ಹೊಸನಗರಕ್ಕೆ ಹೋಗಿಬರುತ್ತಿದ್ದರು. ಪಾಠ ಕೇಳುವವರು ಒಂದೂರು, ಹೇಳುವವರು ಇನ್ನೊಂದೂರು, ಮಾಡಿ ನೋಡುವ ಜಾಗ ಮತ್ತೊಂದೂರು. ವರ್ಷದ ಕೊನೆಗೆ ವಿಶ್ವವಿದ್ಯಾನಿಲಯದ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಇವನ್ನೆಲ್ಲ ಒಂದು ಸಾಲಿಗೆ ತಂದು ನಿಲ್ಲಿಸುವ ಯೋಜನೆ ಮಾಡಿಕೊಡಿ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಜೂನ್ ತಿಂಗಳಲ್ಲಿ ನನಗೆ ಹೇಳಿದರು.

ನಾನು ಹುರುಪಿನಿಂದಲೇ ಮಾಡಿದೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಅಂಟು ಹಚ್ಚಿ ದೊಡ್ಡ ಹಾಳೆ ಮಾಡಿಕೊಂಡು ಉದ್ದಕ್ಕೆ ಗೆರೆ ಎಳೆದೆ. ಒಂದು ಕಡೆ ಸಾಗರದ ಪಾಠ, ಅದರ ಪಕ್ಕ ಹೊಸನಗರದ ಪಾಠ, ಅದರಾಚೆ ಪ್ರಯೋಗ, ಕೊನೆಯಲ್ಲಿ ಕಿರುಪರೀಕ್ಷೆ. ನನ್ನ ನಿಯಮ ಒಂದೇ: ಯಾವ ಪ್ರಯೋಗವೂ ಅದರ ಪಾಠಕ್ಕಿಂತ ಮೊದಲು ಬರಬಾರದು. ಮಳೆಗಾಲದಲ್ಲಿ ತೀರ್ಥಹಳ್ಳಿಯವರ ಬಸ್ಸು ತಪ್ಪುತ್ತದೆಂಬುದು ಗೊತ್ತಿತ್ತು. ಆದ್ದರಿಂದ ದಸರಾವರೆಗೆ ಬರೀ ಟೈಟ್ರೇಷನ್, ಅಂದರೆ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ, ಇಟ್ಟೆ. ಅದಕ್ಕೆ ಮೊದಲ ವರ್ಷದ ತಿಳಿವಳಿಕೆ ಸಾಕು. ದಸರಾ ಕಳೆದ ಮೇಲೆ ಆರ್ಗ್ಯಾನಿಕ್ ವಿಶ್ಲೇಷಣೆ. ಅದರ ಮೊದಲ ಮೆಟ್ಟಿಲೇ ಸೋಡಿಯಂ ಪರೀಕ್ಷೆ.

ಆ ಪರೀಕ್ಷೆ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಹೆಸರು ಗೊತ್ತಿಲ್ಲದ ಒಂದು ಪುಡಿಯನ್ನು ಕೊಡುತ್ತೇವೆ. ಅದರಲ್ಲಿ ಸಾರಜನಕ ಇದೆಯೋ ಗಂಧಕ ಇದೆಯೋ ಎಂದು ವಿದ್ಯಾರ್ಥಿ ಕಂಡುಹಿಡಿಯಬೇಕು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ಲೋಹದಿಂದ ಕಡಲೆಗಿಂತ ಸಣ್ಣ ಚೂರು ಕತ್ತರಿಸಿ, ಸೋಸು ಕಾಗದದ ನಡುವೆ ಒತ್ತಿ ಎಣ್ಣೆ ತೆಗೆದು, ಕಿರುಬೆರಳಿಗಿಂತ ತೆಳ್ಳಗಿನ ಗಾಜಿನ ಟ್ಯೂಬಿಗೆ ಹಾಕಿ ಕಾಯಿಸಬೇಕು. ಅದು ಕರಗಿ ಬೆಳ್ಳಿಯ ಗುಂಡಾಗುತ್ತದೆ. ಆಗ ಪುಡಿ ಉದುರಿಸಿ, ಟ್ಯೂಬು ಕೆಂಪಗಾಗುವವರೆಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಪಿಂಗಾಣಿ ಬಟ್ಟಲಿನ ನೀರಿಗೆ ಅದ್ದಬೇಕು. ಟ್ಯೂಬು ಒಡೆಯುತ್ತದೆ, ಒಡೆಯಲೇಬೇಕು. ಆ ನೀರನ್ನು ಕುದಿಸಿ ಸೋಸಿದರೆ ಮುಂದಿನ ಪರೀಕ್ಷೆಗಳಿಗೆ ತಿಳಿ ಸಿಗುತ್ತದೆ. ಎಲ್ಲದಕ್ಕೂ ಮೊದಲು ಟ್ಯೂಬು ಒಳಗಡೆ ಒಣಗಿರಬೇಕು. ಸೋಡಿಯಂಗೂ ನೀರಿಗೂ ಆಗುವುದಿಲ್ಲ. ಒಂದು ಹನಿ ಇದ್ದರೂ ಉರಿದು ಸಿಡಿಯುತ್ತದೆ.

ನನ್ನ ಹಾಳೆಯನ್ನು ಮುಖ್ಯಸ್ಥರು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಅವರು ಮೈಸೂರು ಕಡೆಯವರು, ಸಾಗರಕ್ಕೆ ಬಂದು ವರ್ಷಗಳಾಗಿದ್ದವು.

"ಚೆನ್ನಾಗಿ ಗೆರೆ ಎಳೆದಿದ್ದೀರಮ್ಮ. ಆದ್ರೆ ಅಡಿಕೆ ನಿಮ್ಮ ಗೆರೆ ನೋಡ್ಕೊಂಡು ಹಣ್ಣಾಗಲ್ಲ" ಎಂದರು.

"ಅಂದ್ರೆ ಸರ್?"

"ದೀಪಾವಳಿ ಆದ್ಮೇಲೆ ಕೊಯ್ಲು. ಹೊಸನಗರದ ಹುಡುಗರು ತೋಟ ಇರೋರು ತೋಟಕ್ಕೆ ಹೋಗ್ತಾರೆ, ಇಲ್ದೋರು ಸುಲಿಯೋಕೆ ಕೂಲಿಗೆ ಹೋಗ್ತಾರೆ. ಹೋದ ವರ್ಷ ಅರ್ಧ ಜನಕ್ಕೆ ಹಾಜರಿ ಸಾಲದೆ ಹಾಲ್ ಟಿಕೆಟ್ ಬರ್ಲಿಲ್ಲ. ನೀವು ಇಲ್ಲಿರಲಿಲ್ಲ, ನಿಮಗೆ ಗೊತ್ತಿಲ್ಲ. ಅವರ ಅಪ್ಪಂದಿರು ಬಂದು ಈ ಬಾಗಿಲಲ್ಲಿ ನಿಂತಿದ್ರು. ಆರ್ಗ್ಯಾನಿಕ್ ಆಗಸ್ಟ್‌ಗೆ ತನ್ನಿ. ದಸರಾ ಒಳಗೆ ಮುಗೀಬೇಕು."

ಅವರ ಮಾತು ಸುಳ್ಳಾಗಿರಲಿಲ್ಲ. ಸಾಗರದ ಮಕ್ಕಳಿಗೆ ಆರ್ಗ್ಯಾನಿಕ್ ಹೇಳುತ್ತಿದ್ದವರು ಅವರೇ. ಆದ್ದರಿಂದ ಆ ಅಧ್ಯಾಯವನ್ನು ಜುಲೈಗೆ ತಂದು ಮುಗಿಸಿಬಿಟ್ಟರು. ನನ್ನ ಹಾಳೆಯಲ್ಲಿ ಸಾಗರದ ಸಾಲು ಮತ್ತೆ ಸರಿಯಾಯಿತು. ಹೊಸನಗರದ ಸಾಲು ಇದ್ದಲ್ಲೇ ಉಳಿಯಿತು.

ಆ ವರ್ಷ ಜುಲೈಯಲ್ಲಿ ಮಳೆ ಬಿಡುವು ಕೊಡಲಿಲ್ಲ. ತೀರ್ಥಹಳ್ಳಿ–ಹೊಸನಗರ ದಾರಿಗೆ ಮರ ಬೀಳುವುದು, ಮೋರಿ ಕೊಚ್ಚಿಹೋಗುವುದು, ಬಸ್ಸು ಅರ್ಧ ದಾರಿಯಿಂದ ಹಿಂದಿರುಗುವುದು ಮಾಮೂಲಾಯಿತು. ಶನಿವಾರ ಬರುತ್ತಿದ್ದ ಹೊಸನಗರದವರನ್ನು ಪಾಠ ಎಲ್ಲಿಗೆ ಬಂತು ಎಂದು ನಾನು ಕೇಳುತ್ತಿದ್ದೆ. "ಮೀಥೇನ್ ಮಿಸ್" ಎನ್ನುತ್ತಿದ್ದರು. ಅದು ಆರ್ಗ್ಯಾನಿಕ್‌ನ ಮೊದಲ ಪಾಠ. ಮುಂದಿನ ವಾರ ಕೇಳಿದರೂ "ಮೀಥೇನ್." ಅವರಲ್ಲಿ ದರ್ಜಿಯೊಬ್ಬರ ಮಗಳಿದ್ದಳು, ತೆಳ್ಳಗಿನ ಹುಡುಗಿ, ಮಾತಿಗೆ ಮುಂದು. "ಮೀಥೇನ್ ದಾಟೋಕೆ ದೋಣಿ ಬೇಕು ಮಿಸ್" ಎಂದಳು. ಎಲ್ಲರೂ ನಕ್ಕರು.

ಆ ಹುಡುಗಿಯ ಟೈಟ್ರೇಷನ್ ನೋಡಲು ಚಂದ. ಬ್ಯೂರೆಟ್ಟನ್ನು ದ್ರಾವಣದಿಂದ ತೊಳೆ, ಪಿಪೆಟ್ಟನ್ನು ದ್ರಾವಣದಿಂದ ತೊಳೆ, ಫ್ಲಾಸ್ಕನ್ನು ಮಾತ್ರ ನೀರಿನಿಂದ ತೊಳೆ. ಫ್ಲಾಸ್ಕಿನೊಳಗೆ ನೀರು ಉಳಿದರೆ ತೊಂದರೆಯಿಲ್ಲ. ಇದನ್ನು ಪ್ರತಿ ಶನಿವಾರ ನಾನು ಮಂತ್ರದಂತೆ ಹೇಳಿಸುತ್ತಿದ್ದೆ. ತೊಳೆಯದೆ ಮುಟ್ಟಿದವರಿಗೆ ಅಂಕ ಕಳೆಯುತ್ತಿದ್ದೆ. ಅವಳಿಗೆ ಅದು ಹೇಳಿಸುವುದೇ ಬೇಕಿರಲಿಲ್ಲ. ಅವಳ ಮನೆಯಲ್ಲಿ ನೀರು ಕುಡಿಯುವ ಚೊಂಬನ್ನೂ ತೊಳೆದಿಟ್ಟದ್ದೇ ಆದರೂ ಕುಡಿಯುವ ಮುಂಚೆ ಮತ್ತೊಮ್ಮೆ ಗಲಬರಿಸಬೇಕಂತೆ. ನಮ್ಮಲ್ಲಿ ಯಾರ ಮನೆಯಲ್ಲಿ ಹಾಗಿಲ್ಲ?

ಆಗಸ್ಟ್ ಹತ್ತಿರ ಬಂದಂತೆ ನನಗೆ ದಿಗಿಲಾಯಿತು. ಒಂದು ಭಾನುವಾರ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೋದೆ. ಆ ಉಪನ್ಯಾಸಕರು ಪಂಚೆಯಲ್ಲೇ ಬಾಗಿಲಿಗೆ ಬಂದರು.

"ಎಂತ ಮೇಡಂ, ಈ ಮಳೇಲಿ ಇಲ್ಲೀವರೆಗೂ ಬಂದ್ರಾ? ಮೊದ್ಲು ಆ ಛತ್ರಿ ಮೂಲೇಲಿಡಿ. ಇಲ್ದಿದ್ರೆ ತುಂಗೆ ನಮ್ಮನೆ ಜಗಲೀಲೇ ಹರೀತಾಳೆ."

ಕಾಫಿ ಕುಡಿದ ಮೇಲೆ ನಾನು ವಿಷಯ ತೆಗೆದೆ. ಮೀಥೇನನ್ನು ಅಲ್ಲಿಗೇ ಬಿಟ್ಟು, ಮುಂದಿನ ಎರಡು ತರಗತಿಗಳಲ್ಲಿ ಸೋಡಿಯಂ ಪರೀಕ್ಷೆಯ ಪಾಠವನ್ನಷ್ಟೇ ಮಾಡಿಕೊಡಿ ಎಂದು ಕೇಳಿಕೊಂಡೆ.

"ಹಾರಿಸಿ ಹೇಳೋದಾ?" ಎಂದರು. "ನಂಗೆ ಬರೂದಿಲ್ಲ ಮೇಡಂ ಅದು. ಬುಡದಿಂದ ಕಟ್ಕೊಂಡು ಬಂದ್ರೆ ಮಾತ್ರ ನಿಲ್ತದೆ. ಕಾರ್ಬನ್ ಅಂದ್ರೆ ಎಂತ ಅಂತ ಗೊತ್ತಿಲ್ದೋರಿಗೆ ಅದ್ರೊಳಗಿನ ನೈಟ್ರೋಜನ್ ಹುಡುಕಿ ಅಂತ ಹೆಂಗೆ ಹೇಳೂದು?"

"ಅವರು ಹುಡುಕ್ಲೇಬೇಕು ಸರ್, ಬರೋ ತಿಂಗಳೇ."

"ಅದು ನಿಮ್ಮ ಸಾಗರದೋರು ಮಾಡಿದ್ದು. ನನ್ನ ಕೇಳಿ ಮಾಡಿದ್ರಾ?" ಎಂದರು. ಸಿಟ್ಟಿರಲಿಲ್ಲ, ನಗುತ್ತಲೇ ಹೇಳಿದರು. "ನೋಡ್ತೀನಿ ಮೇಡಂ. ಬಸ್ಸು ಹೋದ್ರೆ ಹೇಳ್ತೀನಿ."

ಬಸ್ಸು ಹೋಗಲಿಲ್ಲ. ಆ ವಾರವೂ ಇಲ್ಲ, ಮುಂದಿನ ವಾರವೂ ಇಲ್ಲ.

ಮುಖ್ಯಸ್ಥರ ಬಳಿ ಹೋಗಿ, ಇನ್ನೊಂದೆರಡು ಶನಿವಾರ ಟೈಟ್ರೇಷನ್ನನ್ನೇ ಮುಂದುವರಿಸೋಣ ಎಂದೆ. ರೆಕಾರ್ಡ್ ಪುಸ್ತಕದಲ್ಲಿ ಪ್ರಯೋಗಗಳು ಮುಗಿಯದಿದ್ದರೆ ಸಹಿ ಹಾಕುವವರು ಯಾರು ಎಂದು ಕೇಳಿದರು. ಹಾಗಾದರೆ ಶನಿವಾರದ ಬೆಳಗ್ಗೆಯನ್ನು ಪೂರ್ತಿ ಪಾಠಕ್ಕೆ ಬಿಟ್ಟುಕೊಡಿ ಎಂದೆ. ಅವರು ಕಿಟಕಿಯಾಚೆ ನೋಡಿದರು. "ಅರ್ಧ ಗಂಟೆ ತಗೊಳ್ಳಿ. ನೀವೇ ಹೇಳಿ. ಚೆನ್ನಾಗಿ ಹೇಳ್ತೀರಿ ನೀವು." ಪ್ರಿನ್ಸಿಪಾಲರು ನನ್ನ ಮಾತು ಪೂರ್ತಿ ಕೇಳಿ, "ವಿಭಾಗದೊಳಗಿನ ವಿಷಯ ವಿಭಾಗದಲ್ಲೇ ತೀರಲಿ" ಎಂದರು.

ನಾನು ಆ ಅರ್ಧ ಗಂಟೆಗೆ ಮೂರು ಸಂಜೆ ಕೂತು ತಯಾರಿ ಮಾಡಿದೆ. ಸೋಡಿಯಂ ಚೂರೊಂದನ್ನು ನೀರಿಗೆ ಹಾಕಿ ತೋರಿಸುವುದು, ಆಮೇಲೆ ಒದ್ದೆ ಟ್ಯೂಬಿನ ಅಪಾಯ, ಆಮೇಲೆ ಕ್ರಮ. ಅಷ್ಟು ಹೇಳಿದರೆ ಸಾಕು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಆ ಶನಿವಾರ ಹೊಸನಗರದ ಬಸ್ಸು ಬಟ್ಟೆಮಲ್ಲಪ್ಪದ ಹತ್ತಿರ ಕೆಟ್ಟು ನಿಂತಿತು. ನಮಗೆ ಅದು ಗೊತ್ತಾಗಲು ದಾರಿಯಿರಲಿಲ್ಲ. ವಾರದ ದಿನಗಳ ತಂಡಗಳಲ್ಲಿ ಜಾಗ ಸಿಗದ ಸಾಗರದ ಕೆಲವು ಹುಡುಗರು ಶನಿವಾರದ ತಂಡದಲ್ಲಿದ್ದರು. ಕಾದು ಕಾದು, ಮುಖ್ಯಸ್ಥರು ಹೇಳಿದಂತೆ ಅವರಿಗೆ ಪ್ರಯೋಗ ಶುರುಮಾಡಿಸಿದೆ. ಅವರಿಗೆ ಪಾಠ ಆಗಿತ್ತು. ಸೋಡಿಯಂ ಚೂರನ್ನು ನೀರಿಗೆ ಹಾಕಿ ಅವರಿಗೂ ಒಮ್ಮೆ ತೋರಿಸಿದೆ. ಅದು ನೀರಿನ ಮೇಲೆ ಸುಂಯ್‌ಗುಟ್ಟುತ್ತಾ ಓಡಾಡಿ ಹತ್ತಿಕೊಂಡಿತು. ಬೋರ್ಡಿನ ಮೇಲೆ ಕ್ರಮವನ್ನೆಲ್ಲ ಬರೆದೆ. ಒಣಗಿದ ಟ್ಯೂಬು ಎಂಬುದರ ಕೆಳಗೆ ಗೆರೆ ಎಳೆದೆ.

ಹೊಸನಗರದವರು ಬಂದಾಗ ಮಧ್ಯಾಹ್ನವಾಗುತ್ತಿತ್ತು. ಬಟ್ಟೆಯೆಲ್ಲ ಒದ್ದೆ. ಆ ಹುಡುಗಿ ದಾವಣಿಯ ಸೆರಗು ಹಿಂಡಿಕೊಳ್ಳುತ್ತಾ, "ನಾವೇ ಬಸ್ಸನ್ನ ಅರ್ಧ ದೂರ ನೂಕ್ಕಂಡು ಬಂದ್ವಿ ಮಿಸ್, ಟಿಕೆಟ್ ಮಾತ್ರ ಪೂರ್ತಿ ತಗೊಂಡ್ರು" ಎಂದಳು.

ನಾನು ಅವರನ್ನು ಮುಂದಿನ ಮೇಜಿನ ಸುತ್ತ ನಿಲ್ಲಿಸಿಕೊಂಡು ಮೊದಲಿನಿಂದ ಹೇಳಲು ಶುರುಮಾಡಿದೆ. ಬಾಗಿಲಲ್ಲಿ ಮುಖ್ಯಸ್ಥರು ಕಾಣಿಸಿಕೊಂಡರು.

"ಬೋರ್ಡಲ್ಲಿ ಇದೆಯಲ್ಲಮ್ಮ. ಬರ್ಕೊಳ್ಳಿ, ಮಾಡ್ತಾ ಮಾಡ್ತಾ ಹೇಳಿ. ಸಂಜೆ ಬಸ್ಸು ಇವ್ರಿಗೆ ಅಂತ ನಿಲ್ಲಲ್ಲ."

"ಸರ್, ಐದು ನಿಮಿಷ."

"ಅವ್ರನ್ನ ಮಳೇಲಿ ಬಸ್‌ಸ್ಟ್ಯಾಂಡಲ್ಲಿ ಮಲಗಿಸ್ತೀರಾ?" ಎಂದು ಹೇಳಿ ಹೊರಟರು. ಅದನ್ನು ಅವರು ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳಿದರು. ಅದಕ್ಕೇ ನನಗೆ ಎದುರಾಡಲಾಗಲಿಲ್ಲ.

ಸೋಡಿಯಂ ಉರಿಯುವುದನ್ನಷ್ಟೇ ಅವರಿಗೂ ತೋರಿಸಿದೆ. ಇದಕ್ಕೆ ನೀರು ಆಗಲ್ಲ, ನೋಡಿಕೊಳ್ಳಿ ಎಂದೆ. ಅವರು ಬೋರ್ಡು ನೋಡಿ ಬರೆದುಕೊಂಡರು. ಅಟೆಂಡರ್ ಸೋಸು ಕಾಗದದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚೂರು ಹಂಚಿದ. ಟ್ಯೂಬುಗಳು ಸ್ಟ್ಯಾಂಡಿನಲ್ಲಿದ್ದವು. ಅವು ಒಣಗಿದ್ದವು. ಹಿಂದಿನ ದಿನ ನಾನೇ ನಿಂತು ಕಾಯಿಸಿ ಇಡಿಸಿದ್ದೆ.

ಅಷ್ಟರಲ್ಲಿ ಸಾಗರದ ಹುಡುಗನೊಬ್ಬ ಹಿಂದಿನ ಮೇಜಿನಿಂದ ಕರೆದ. ಅವನ ಟ್ಯೂಬು ಕೆಂಪಗಾಗಿತ್ತು, ಇಕ್ಕಳ ಜಾರುತ್ತಿತ್ತು. ನಾನು ಓಡಿಹೋಗಿ ಅವನ ಕೈಯಿಂದ ಇಕ್ಕಳ ತೆಗೆದುಕೊಂಡೆ. ಬಟ್ಟಲಿನ ನೀರು ಚೆಲ್ಲಿಹೋಗಿತ್ತು. "ನೀರು ಹಾಕು" ಎಂದು ಅವನಿಗೆ ಹೇಳಿ ಕೆಂಪಗಿನ ಟ್ಯೂಬನ್ನು ಹಿಡಿದು ನಿಂತೆ. ಹಾಗೆ ನಿಂತು ತಲೆ ಎತ್ತಿದಾಗ ಕಂಡಿತು.

ಆ ಹುಡುಗಿ ನಲ್ಲಿಯ ಬಳಿ ಇದ್ದಳು. ಟ್ಯೂಬಿಗೆ ನೀರು ಹಿಡಿದಳು. ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಅಲುಗಾಡಿಸಿದಳು. ಚೆಲ್ಲಿದಳು. ಎರಡು ಸಲ ಜಾಡಿಸಿ, ಸೆರಗಿನಿಂದ ಹೊರಮೈ ಒರೆಸಿ, ಬೆಳಕಿಗೆ ಹಿಡಿದು ನೋಡಿ ಮೇಜಿನ ಕಡೆ ತಿರುಗಿದಳು. ಅಚ್ಚುಕಟ್ಟಾದ ಕೆಲಸ. ನಾನು ಕಲಿಸಿದ ಹಾಗೇ.

"ಹಾಕಬೇಡ" ಎಂದು ಕೂಗಿದೆ. ಆ ಲ್ಯಾಬಿನ ಮಾಡಿಗೆ ಶೀಟು ಹೊದಿಸಿದ್ದರು. ಮಳೆ ಬಂದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ನನ್ನ ಪಕ್ಕದ ಹುಡುಗ ಮಾತ್ರ ಬೆಚ್ಚಿ ಹಿಂದೆ ಸರಿದ. ನನ್ನ ಕೈಯಲ್ಲಿ ಕೆಂಪಗೆ ಕಾದ ಗಾಜು, ಅದರೊಳಗೆ ಸೋಡಿಯಂ, ಎದುರಿಗೆ ನೀರಿನ ಹೂಜಿ ಹಿಡಿದ ಹುಡುಗ. ಬಿಸಾಡಲು ಜಾಗವಿರಲಿಲ್ಲ. ಬಟ್ಟಲಿಗೆ ನೀರು ಬೀಳುವವರೆಗೆ ನಾನು ಅಲುಗಾಡುವಂತಿರಲಿಲ್ಲ. ಮತ್ತೆ ಕೂಗಿದೆ. ಅವಳ ಜೊತೆಗಾತಿ ತಿರುಗಿ ನನ್ನತ್ತ ನೋಡಿ ನಕ್ಕಳು. ಕರೆಯುತ್ತಿದ್ದೇನೆ ಎಂದುಕೊಂಡಿರಬೇಕು.

ಆ ಹುಡುಗಿ ಚಿಮಟದಲ್ಲಿ ಚೂರನ್ನು ಹಿಡಿದು ಟ್ಯೂಬಿಗೆ ಬಿಟ್ಟಳು. ಒಳಗೆ ಏನೋ ಸುಂಯ್ ಎಂದಿರಬೇಕು. ಏನದು ಎಂದು ನೋಡಲು ಬಗ್ಗಿದಳು.

ಸದ್ದು ದೊಡ್ಡದೇನಲ್ಲ. ಮಳೆಯ ನಡುವೆ ಹಸಿ ಕೋಲು ಮುರಿದಷ್ಟು. ಅವಳು ಎರಡೂ ಕೈ ಮುಖಕ್ಕೆ ಹಿಡಿದು ಕೂತುಬಿಟ್ಟಳು.

ನನ್ನ ಕೈಯ ಟ್ಯೂಬನ್ನು ಬಟ್ಟಲಿಗೆ ಅದ್ದಿದ್ದು ಯಾವಾಗ, ಅವಳ ಬಳಿ ಹೋದದ್ದು ಹೇಗೆ, ನೆನಪಿಲ್ಲ. ಉಳಿದದ್ದೆಲ್ಲ ನೆನಪಿದೆ. ಜೊತೆಗಾತಿ ಅವಳನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದಳು. ನಾನು ನಲ್ಲಿಯ ಕಡೆ ಎಳೆದೆ. ಜೊತೆಗಾತಿ ಬಿಡಲಿಲ್ಲ.

"ನೀರು ಹಾಕ್ಬೇಡಿ ಮಿಸ್, ಕಣ್ಣಿಗೆ ಬೆಂಕಿ ಹತ್ತತ್ತೆ. ನೀವೇ ತೋರ್ಸಿದ್ರಲ್ಲ."

ಸುತ್ತ ನಿಂತವರೂ ಹಾಗೇ ಎಂದರು. "ನೀರು ಬ್ಯಾಡ, ನೀರು ಬ್ಯಾಡ." ಅಟೆಂಡರ್ ಎಣ್ಣೆ ತರುತ್ತೇನೆಂದು ಓಡಿದ. ನಾನು ನಿಂತುಬಿಟ್ಟೆ. ಕಣ್ಣೊಳಗೆ ಲೋಹದ ಚೂರು ಉಳಿದಿದ್ದರೆ ನೀರು ಬಿದ್ದೊಡನೆ ಅದು ಅಲ್ಲೇ ಉರಿಯುತ್ತದೆ. ಅದು ಆಗಲೇ ಉರಿದು ಸುಣ್ಣದ ಹಾಗೆ ತಿನ್ನುವ ಕ್ಷಾರವಾಗಿದ್ದರೆ ನೀರು ಹಾಕದ ಒಂದೊಂದು ಕ್ಷಣವೂ ಕಣ್ಣು ಹೋಗುತ್ತದೆ. ಎರಡೂ ಪುಸ್ತಕದಲ್ಲಿತ್ತು, ಬೇರೆ ಬೇರೆ ಪುಟಗಳಲ್ಲಿ. ಯಾವುದು ಈ ಕಣ್ಣಿನಲ್ಲಿದೆ ಎಂದು ಯಾವ ಪುಟದಲ್ಲೂ ಇರಲಿಲ್ಲ. ಅವಳ ಕೈ ಸರಿಸಿ ರೆಪ್ಪೆ ಬಿಡಿಸಿದೆ. ಹೊಳೆಯುವುದೇನೂ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲವೆಂದೋ, ನನಗೆ ನೋಡಲು ಬರಲಿಲ್ಲವೆಂದೋ? ಅವಳು "ಮಿಸ್, ಉರಿ, ಉರಿ" ಎನ್ನುತ್ತಿದ್ದಳು.

ನೀರೇ ಎಂದು ನಿರ್ಧರಿಸಿದೆ. ಜೊತೆಗಾತಿಯ ಕೈಯನ್ನು ಕಿತ್ತು, ಹುಡುಗಿಯ ತಲೆಯನ್ನು ನಲ್ಲಿಯ ಕೆಳಗೆ ಹಿಡಿದೆ. ನೀರು ಬಿದ್ದ ಮೊದಲ ಕ್ಷಣ ನಾನೇ ಕಣ್ಣು ಮುಚ್ಚಿಕೊಂಡೆ. ಏನೂ ಸಿಡಿಯಲಿಲ್ಲ. ಆಮೇಲೆ ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ, ಮುಖ್ಯಸ್ಥರು ಬಂದು ನನ್ನ ಭುಜ ಮುಟ್ಟಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

ಸಾಗರದ ಆಸ್ಪತ್ರೆಯಲ್ಲಿ ಮತ್ತೆ ತೊಳೆದು, ಮುಲಾಮು ಹಚ್ಚಿ, ಕಣ್ಣಿನ ಡಾಕ್ಟರು ಬೇಕು, ಶಿವಮೊಗ್ಗಕ್ಕೆ ಹೋಗಿ ಎಂದರು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆನಂದಪುರದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಮುಂದೆ ಕೂತಿದ್ದ ಮುಖ್ಯಸ್ಥರು ಇಳಿದುಹೋಗಿ ಗೇಟಿನವನ ಬಳಿ ಕೈಮುಗಿದು ಮಾತಾಡುವುದು ಗಾಜಿನಿಂದ ಕಾಣುತ್ತಿತ್ತು. ರೈಲು ಬರಲಿಲ್ಲ. ಗೇಟೂ ತೆರೆಯಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಹುಡುಗಿ ಮೆಲ್ಲಗೆ ಕೇಳಿದಳು:

"ಎಂತ ತಪ್ಪು ಮಾಡ್ದೆ ಮಿಸ್ ನಾನು?"

"ಏನೂ ಇಲ್ಲ, ಸುಮ್ನೆ ಮಲಗು."

"ಟ್ಯೂಬೊಳಗೆ ಧೂಳಿತ್ತು. ತೊಳೀದೆ ಹೆಂಗೆ ಹಾಕೂದು? ಒಳಗೆ ನೀರಿದ್ರೆ ತೊಂದ್ರೆ ಇಲ್ಲ ಅಂದಿದ್ರಲ್ಲ ನೀವು."

ಅದು ಫ್ಲಾಸ್ಕಿಗೆ ಹೇಳಿದ್ದು ಕಣೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಳೆದ ಶನಿವಾರ ಸರಿಯಾಗಿದ್ದದ್ದು ಈ ಶನಿವಾರ ಯಾಕೆ ಸರಿಯಲ್ಲ ಎಂದು ಹೇಳಬೇಕಾಗಿದ್ದ ಪಾಠ ಮೀಥೇನಿನ ಆಚೆ ದಡದಲ್ಲೆಲ್ಲೋ ಇತ್ತು.

ಕಣ್ಣಿನ ಡಾಕ್ಟರು ಬಲಗಣ್ಣು ಉಳಿಯುತ್ತದೆ ಎಂದರು. ನೀರು ಹಾಕಿದ್ದು ಒಳ್ಳೆಯದಾಯಿತು, ತಡವಾಗಿದ್ದರೆ ಎರಡೂ ಹೋಗುತ್ತಿದ್ದವು ಎಂದರು. ಎಡಗಣ್ಣಿನ ಮೇಲೆ ಬಿಳಿ ಪೊರೆಯಂಥ ಕಲೆ ಉಳಿಯಿತು. ಬೆಳಕು ಕಾಣುತ್ತದೆ, ಆಕಾರ ಕಾಣುವುದಿಲ್ಲ. ನಾನು ನೀರಿಗೆ ಮೊದಲು ನಿಂತು ಯೋಚಿಸಿದ ಆ ಹೊತ್ತು ಎಡಗಣ್ಣಿನ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಅವರನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮಾರನೆಯ ದಿನ ಅವಳ ತಂದೆ ಬಂದರು. ಕೊರಳಿಗೆ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಸುದ್ದಿ ಮುಟ್ಟಿದ ಕೂಡಲೇ ಅಂಗಡಿಯಿಂದ ಎದ್ದು ಬಸ್ಸು ಹತ್ತಿದ್ದರು. ಮುಖ್ಯಸ್ಥರು ಏನೇನೋ ಹೇಳಿದರು. ತಂದೆ ತಲೆ ಆಡಿಸುತ್ತಾ ಕೇಳಿಸಿಕೊಂಡು, ಆಮೇಲೆ ನನ್ನ ಬಳಿ ಬಂದರು.

"ಸೂಜಿಗೆ ದಾರ ಪೋಣಿಸ್ಕೊಡ್ತಿದ್ಲು ನಂಗೆ. ನನ್ ಕಣ್ಣು ಮಂಜು. ಇನ್ನು ಇಬ್ರೂ ಒಂದೇ" ಎಂದರು. "ಬಿ.ಎಸ್ಸಿ. ಮುಗೀತದಾ ಮೇಡಂ? ಅದೊಂದು ಹೇಳಿ. ಅವಳ ತಾಯಿ ಕೇಳ್ತಾಳೆ" ಎಂದರು.

ಮುಗಿಯುತ್ತದೆ ಎಂದೆ. ಯಾವ ಧೈರ್ಯದಿಂದ ಹೇಳಿದೆನೋ ತಿಳಿಯದು. ಮುಗಿಯಬೇಕಾದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಅದೇ ಸೋಡಿಯಂ ಪರೀಕ್ಷೆಯನ್ನು ಅವಳು ಮಾಡಲೇಬೇಕಿತ್ತು.

ಮುಂದಿನ ಶನಿವಾರದ ಕಾರ್ಯಕ್ರಮ ಬದಲಾಗಿರಲಿಲ್ಲ. ಯಾರೂ ಬದಲಿಸಿರಲಿಲ್ಲ, ಅಷ್ಟೆ. ನಾನು ಸೋಡಿಯಂ ಸೀಸೆಯನ್ನು ಬೀರುವಿಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಹೊಸನಗರದಲ್ಲಿ ಪಾಠ ಆಗುವವರೆಗೆ ಬೀರು ತೆಗೆಯುವುದಿಲ್ಲ ಎಂದೆ. ಅವರು ಬೈಯಬಹುದೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

"ಹಾಲ್ ಟಿಕೆಟ್ ಬರದೆ ಹೋದ್ರೆ ಆ ಅಪ್ಪಂದಿರಿಗೆ ನೀವು ಉತ್ತರ ಹೇಳ್ತೀರಾ?"

"ಗೊತ್ತಿಲ್ಲ ಸರ್."

"ನಂಗೂ ಗೊತ್ತಿಲ್ಲಮ್ಮ" ಎಂದರು.

ಭಾನುವಾರಗಳಲ್ಲಿ ನಾನೇ ಹೊಸನಗರಕ್ಕೆ ಹೋಗಿ ಪಾಠ ಮಾಡಿದೆ. ಮೊದಲ ಭಾನುವಾರ ತರಗತಿಯ ಕೊನೆಯ ಬೆಂಚಿನಲ್ಲಿ ತೀರ್ಥಹಳ್ಳಿಯ ಉಪನ್ಯಾಸಕರು ಕೂತಿದ್ದರು. ಬಸ್ಸಿಲ್ಲದೆ ಅಡಿಕೆ ಲಾರಿ ಹತ್ತಿ ಬಂದಿದ್ದರಂತೆ. ಮಕ್ಕಳು ಹೋದ ಮೇಲೆ ಬೋರ್ಡು ಒರೆಸಿಕೊಟ್ಟು, ಬಟ್ಟೆ ಕೈಯಲ್ಲೇ ಹಿಡಿದು ಕೇಳಿದರು:

"ನೀವು ಬಂದಾಗ್ಲೇ ನಾನು ಹಾರಿಸಿ ಹೇಳಿದ್ರೆ ಹಿಂಗಾಗ್ತಿತ್ತಾ ಮೇಡಂ?"

"ಬಸ್ಸೇ ಇರ್ಲಿಲ್ವಲ್ಲ ಸರ್" ಎಂದೆ.

"ಲಾರಿ ಇತ್ತಲ್ಲ" ಎಂದರು.

ಒಣಗಿದ ಟ್ಯೂಬಿನ ಮೇಲೆಯೇ ಒಂದು ಇಡೀ ಭಾನುವಾರ ಕಳೆದೆ. ಟ್ಯೂಬನ್ನು ಜ್ವಾಲೆಯಲ್ಲಿ ಆಡಿಸಿ, ಬಾಯಿಯ ಕಡೆ ಕಟ್ಟುವ ಆವಿ ಹೋಗುವವರೆಗೆ ಕಾಯಿಸಿ, ಆರಿದ ಮೇಲೆ ಮಾತ್ರ ಸೋಡಿಯಂ ಎಂದು ಹೇಳಿಕೊಟ್ಟೆ. ಅಷ್ಟರಲ್ಲಿ ದಸರಾ ಕಳೆಯಿತು. ಬೀರು ತೆಗೆದಾಗ ಕೊಯ್ಲು ಶುರುವಾಗಿತ್ತು. ಹೊಸನಗರದ ಕೆಲವರು ಶನಿವಾರಗಳಿಗೆ ಬರಲೇ ಇಲ್ಲ. ಮುಖ್ಯಸ್ಥರು ಹೆದರಿದಂತೆಯೇ ಅವರಿಗೆ ಆ ವರ್ಷ ಪರೀಕ್ಷೆ ತಪ್ಪಿತು. ಬಂದವರು ಸರಿಯಾಗಿ ಮಾಡಿದರು. ನನ್ನ ಹಾಳೆಯ ಸಾಲುಗಳು ಕೊನೆಗೂ ಒಂದಕ್ಕೊಂದು ಎದುರಾಗಿ ನಿಂತವು. ಆ ಹಾಳೆಯನ್ನು ಗೋಡೆಯಿಂದ ತೆಗೆದು ಸುತ್ತಿಟ್ಟೆ.

ದರ್ಜಿಯ ಮಗಳು ಸಂಕ್ರಾಂತಿ ಕಳೆದ ಮೇಲೆ ಬಂದಳು. ಅಪಘಾತದ ಕಾರಣ ಕೊಟ್ಟು ಅವಳ ಹಾಜರಿಗೆ ಮುಖ್ಯಸ್ಥರು ಓಡಾಡಿ ವಿನಾಯಿತಿ ತರಿಸಿದ್ದರು. ಕಪ್ಪು ಕನ್ನಡಕ ಹಾಕಿದ್ದಳು. ಮೊದಲಿನಷ್ಟು ಮಾತಿರಲಿಲ್ಲ. ಸೋಡಿಯಂ ಪರೀಕ್ಷೆಯನ್ನು ನನ್ನ ಪಕ್ಕ ನಿಂತು ಎರಡು ಸಲ ಮಾಡಿದಳು. ಎರಡು ಸಲವೂ ಟ್ಯೂಬು ಕಾಯಿಸಿಕೊಟ್ಟವಳು ನಾನೇ. ಒಂದೇ ಕಣ್ಣಿನಿಂದ ಸಣ್ಣ ಟ್ಯೂಬಿನ ಬಾಯಿಗೆ ಚೂರು ಬಿಡುವಾಗ ಅವಳ ಚಿಮಟ ಎರಡು ಮೂರು ಸಲ ಪಕ್ಕಕ್ಕೆ ಹೋಗುತ್ತಿತ್ತು. ನಾನು ಹತ್ತಿರ ಸರಿದರೆ, "ಇರಿ ಮಿಸ್, ಬರ್ತದೆ" ಎನ್ನುತ್ತಿದ್ದಳು.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಒಳಗಿನ ಪರೀಕ್ಷಕಿ ನಾನು. ಪರೀಕ್ಷೆ ಶುರುವಾದ ಮೇಲೆ ವಿದ್ಯಾರ್ಥಿಗಳೊಂದಿಗೆ ಮಾತಾಡುವಂತಿಲ್ಲ, ಅವರ ಸಲಕರಣೆ ಮುಟ್ಟುವಂತಿಲ್ಲ. ಅದು ನಿಯಮ. ಬೆಳಗ್ಗೆ ಒಂದು ಮಳೆ ಬಂದು ಹೋಗಿತ್ತು. ಬೇಸಿಗೆಯ ಮೊದಲ ಮಳೆ. ಲ್ಯಾಬಿನ ಗಾಜುಗಳೆಲ್ಲ ಬೆವೆತಂತೆ ಇದ್ದವು.

ಎಲ್ಲರೂ ಚೀಟಿ ಎತ್ತಿ ತಂತಮ್ಮ ಮೇಜಿಗೆ ಹೋದರು. ಅವಳು ಸ್ಟ್ಯಾಂಡಿನಿಂದ ಒಂದು ಟ್ಯೂಬು ಎತ್ತಿಕೊಂಡಳು. ನಲ್ಲಿಯ ಕಡೆ ಹೋಗಲಿಲ್ಲ. ನಾನು ಉಸಿರು ಬಿಟ್ಟ ಸದ್ದು ನನಗೇ ಕೇಳಿಸಿತು. ಅವಳು ಕಿಟಕಿಯ ಬಳಿ ಹೋಗಿ, ಕಪ್ಪು ಕನ್ನಡಕ ಹಣೆಗೆ ಏರಿಸಿ, ಟ್ಯೂಬನ್ನು ಬಲಗಣ್ಣಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮೇಜಿನ ಬರ್ನರ್ ಹತ್ತಿರಲಿಲ್ಲ, ಬೆಂಕಿಪೊಟ್ಟಣ ತೇವವಾಗಿ ಮೂರು ಕಡ್ಡಿ ಮುರಿದು ಬಿದ್ದಿದ್ದವು. ಆಮೇಲೆ ಸೀದಾ ನಮ್ಮ ಮೇಜಿಗೆ ಬಂದಳು.

"ಮಿಸ್, ಇದ್ರೊಳಗೆ ನೀರಿದ್ಯಾ ಅಂತ ನೋಡಿ. ನಂಗೆ ಗೊತ್ತಾಗ್ತಿಲ್ಲ."

ಹೊರಗಿನ ಪರೀಕ್ಷಕರು ತಲೆ ಎತ್ತಿದರು. "ಹಾಗೆಲ್ಲ ಕೇಳೋ ಹಾಗಿಲ್ಲಮ್ಮ. ನಿನ್ನ ಜಾಗಕ್ಕೆ ಹೋಗು."

ನಾನು ಕೈ ಚಾಚಿದೆ. ಅವಳು ಟ್ಯೂಬನ್ನು ನನ್ನ ಅಂಗೈ ಮೇಲಿಟ್ಟಳು. ಬೆಳಕಿಗೆ ಹಿಡಿದೆ. ಹಳೆಯ ಗಾಜು, ಒಳಗೆಲ್ಲ ಸಣ್ಣ ಗೀರು. ಕಂಡದ್ದು ಗೀರೋ ತೇವವೋ ನನಗೂ ತಿಳಿಯಲಿಲ್ಲ. ನನಗೆ ಎರಡು ಕಣ್ಣಿದ್ದವು.

ಎದ್ದು ಅವಳ ಮೇಜಿಗೆ ಹೋದೆ. ನನ್ನ ಬಳಿಯಿದ್ದ ಬೆಂಕಿಪೊಟ್ಟಣದಿಂದ ಬರ್ನರ್ ಹಚ್ಚಿ, ಟ್ಯೂಬನ್ನು ಇಕ್ಕಳದಲ್ಲಿ ಹಿಡಿದು ಜ್ವಾಲೆಯ ಮೇಲೆ ಆಡಿಸಿದೆ. ಹಿಂದಿನಿಂದ ಪರೀಕ್ಷಕರು "ಮೇಡಂ, ಇದು ಸರಿಯಲ್ಲ, ನಾನು ವರದಿ ಬರೀಬೇಕಾಗತ್ತೆ" ಎನ್ನುತ್ತಿದ್ದರು. ನಾನು ತಿರುಗಲಿಲ್ಲ. ಅವಳು ನನ್ನ ಪಕ್ಕದಲ್ಲೇ ನಿಂತು ಬಗ್ಗಿ ನೋಡುತ್ತಿದ್ದಳು. ನಾನು ಎಡಗೈಯಿಂದ ಅವಳನ್ನು ಹಿಂದಕ್ಕೆ ಸರಿಸಿದೆ.

ಟ್ಯೂಬಿನ ಬಾಯಿಯ ಒಳಬದಿಯಲ್ಲಿ ತೆಳ್ಳಗೆ ಮಂಜು ಕಟ್ಟಿತು. ಒಂದು ಉಗುರಿನಷ್ಟು ಅಗಲ. ಸ್ವಲ್ಪ ಹೊತ್ತು ಅಲ್ಲೇ ನಿಂತು, ಮೆಲ್ಲಗೆ ಅಂಚಿನಿಂದ ಹಾರಿಹೋಯಿತು.

"ಇತ್ತಲ್ವಾ ಮಿಸ್" ಎಂದಳು ಅವಳು.